ಮಗಳಿಗೊಂದು ಪತ್ರ: ಬೆರಳ ತುದಿಯಷ್ಟು ಮುಲಾಮು

ಪುಟ್ಟಿ,

ನಿನ್ನೆ ವಿಡಿಯೋ ಕಾಲ್‌ನಲ್ಲಿ ಕೈ ಹಿಂದಕ್ಕೆ ಎಳೆದುಕೊಂಡೆ ಅಲ್ವಾ? ಆದರೂ ಕಂಡಿತು. ಬೆರಳ ಮೇಲೆಲ್ಲ ಬಿರುಕು, ಕಣ್ಣಿನ ರೆಪ್ಪೆ ಕೆಂಪು. ದೆಹಲಿ ಚಳಿಗೆ ನಿನ್ನ ಹಳೇ ಇಸುಬು, ಅದೇ ಎಕ್ಸಿಮಾ, ಎದ್ದಿದೆ.

ಮೊದಲ ಸಲ ಬಂದಾಗ ನಿನಗೆ ನಾಲ್ಕು ತಿಂಗಳು. ಆಗ ಕೆನ್ನೆ, ಆಮೇಲೆ ಮೊಣಕೈ ಮಡಿಕೆ, ಮಂಡಿಯ ಹಿಂಭಾಗ. ದೊಡ್ಡವರಿಗೆ ಕೈ, ಕುತ್ತಿಗೆ, ರೆಪ್ಪೆ ಹಿಡಿಯುವುದೇ ಜಾಸ್ತಿ. ರಾತ್ರಿ ಎರಡು ಗಂಟೆಗೆ ಕರಕರ ಕೆರೆಯುವ ಸದ್ದು, ಬೆಳಗ್ಗೆ ದಿಂಬಿನ ಮೇಲೆ ರಕ್ತದ ಚುಕ್ಕೆ. ಕೈಗೆ ಅಪ್ಪನ ಕಾಟನ್ ಸಾಕ್ಸ್ ಹಾಕಿ ಮಲಗಿಸುತ್ತಿದ್ದೆ. ಸ್ವಲ್ಪ ದೊಡ್ಡವಳಾದ ಮೇಲೆ ಅಜ್ಜಿ ನಂಜು ಅಂತ ಬದನೆಕಾಯಿ, ಮೊಟ್ಟೆ, ಕಡಲೆಕಾಯಿ ಎಲ್ಲ ಬಿಡಿಸಿದರು. ಕಡಿಮೆಯಾದದ್ದು ನಿನ್ನ ತೂಕ, ತುರಿಕೆಯಲ್ಲ.

ನನ್ನ ತಪ್ಪೂ ಇದೆ. ಡಾಕ್ಟರು ಸ್ಟಿರಾಯ್ಡ್ ಮುಲಾಮು ಬರೆದಿದ್ದರು. ಆ ಹೆಸರು ಕೇಳಿಯೇ ನನಗೆ ಹೆದರಿಕೆ. ಸಾಸಿವೆ ಕಾಳಿನಷ್ಟು ಸವರಿ, ಎರಡೇ ದಿನಕ್ಕೆ ಟ್ಯೂಬ್ ಬೀರು ಸೇರುತ್ತಿತ್ತು. ವಾರದಲ್ಲಿ ಮತ್ತೆ ಕೆಂಪು. 'ನೋಡಿ, ಬಿಟ್ಟರೆ ಬರುತ್ತೆ' ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಹಾಗೇ ಎರಡು ವರ್ಷ ನಿನ್ನನ್ನು ಸುಮ್ನೆ ಕೆರೆಸಿದೆ. ಕೊನೆಗೆ ಒಬ್ಬ ಡಾಕ್ಟರಮ್ಮ ನನ್ನ ತೋರುಬೆರಳ ಮೇಲೇ ಮುಲಾಮು ಹಿಂಡಿ ತೋರಿಸಿದರು. ತುದಿಯಿಂದ ಮೊದಲ ಗೆರೆಯವರೆಗೆ, ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ದೊಡ್ಡವರ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಬೇಕು. ಕೆಂಪು, ಒರಟು ಪೂರ್ತಿ ಇಳಿಯುವವರೆಗೆ ಹಚ್ಚಬೇಕು, ಆಮೇಲೆ ಅವರು ಹೇಳಿದಂತೆ ನಿಲ್ಲಿಸಬೇಕು. ಹತ್ತು ದಿನದಲ್ಲಿ ನೀನು ರಾತ್ರಿಯಿಡೀ ಮಲಗಿದೆ.

ನಿನ್ನ ಚರ್ಮ ಹೆಂಚು ಸರಿದ ಮಾಡಿನ ಹಾಗೆ. ಒಳಗಿನ ತೇವ ನಿಲ್ಲುವುದಿಲ್ಲ, ಹೊರಗಿನ ಧೂಳು, ಸೋಪು ಒಳಗೆ ಇಳಿಯುತ್ತದೆ. ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದವರಿಗೆ ಇದು ಬರುವ ಸಾಧ್ಯತೆ ಜಾಸ್ತಿ ಅಂತ 2006ರಲ್ಲಿ ಗೊತ್ತಾಯಿತು. ಎಲ್ಲರಿಗೂ ಅದೇ ಕಾರಣ ಅಂತಲ್ಲ. ಅಪ್ಪನ ದಮ್ಮು, ನನ್ನ ಬೆಳಗಿನ ಸೀನು, ನಿನ್ನ ಇಸುಬು ಒಂದೇ ಬಳ್ಳಿಯವು. ಅಂಟುರೋಗ ಅಲ್ಲವೇ ಅಲ್ಲ. ಸ್ಕೂಲಲ್ಲಿ ನಿನ್ನ ಪಕ್ಕ ಕೂರದ ಆ ಹುಡುಗಿಯ ಅಮ್ಮನಿಗೆ ಇದನ್ನು ಹೇಳಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ಗೀಸರ್ ನೀರು ಉಗುರು ಬೆಚ್ಚಗಿದ್ದರೆ ಸಾಕು. ಐದು ಹತ್ತು ನಿಮಿಷದಲ್ಲಿ ಸ್ನಾನ ಮುಗಿಸು, ಉಜ್ಜಬೇಡ. ಟವೆಲ್ ಒತ್ತಿ, ಮೈ ಇನ್ನೂ ಹಸಿ ಇರುವಾಗಲೇ ವಾಸನೆ ಇಲ್ಲದ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚು. ರೂಮ್‌ಮೇಟ್ ಕೊಡುವ ಸಾಸಿವೆ ಎಣ್ಣೆ ಬೇಡ. ಸ್ವೆಟರ್ ಒಳಗೆ ಕಾಟನ್ ಇರಲಿ.

ಕೈಗೆ ಹಚ್ಚುವ ಮುಲಾಮನ್ನು ರೆಪ್ಪೆಗೆ ಮಾತ್ರ ಹಚ್ಚಬೇಡ, ಅಲ್ಲಿನ ಚರ್ಮ ತುಂಬಾ ತೆಳು. ಅದಕ್ಕೆ ಡಾಕ್ಟರು ಟ್ಯಾಕ್ರೊಲಿಮಸ್ ಅನ್ನುವ, ಸ್ಟಿರಾಯ್ಡ್ ಅಲ್ಲದ ಮುಲಾಮು ಕೊಡಬಹುದು. ಮೊದಲ ಕೆಲವು ದಿನ ಉರಿಯಬಹುದು, ಹೆದರಿ ಬಿಡಬೇಡ. ಮೆಡಿಕಲ್ ಶಾಪ್‌ನವನು ಕೊಡುವ ಎಲ್ಲದಕ್ಕೂ ಒಂದೇ ಕ್ರೀಮಿನ ಟ್ಯೂಬಂತೂ ಮುಟ್ಟಲೇಬೇಡ. ಇದ್ಯಾವುದಕ್ಕೂ ಬಗ್ಗದಿದ್ದರೆ ಡುಪಿಲುಮಾಬ್ ಅನ್ನುವ ಇಂಜೆಕ್ಷನ್ ಇದೆ, ದೊಡ್ಡವರಿಗೆ ಎರಡು ವಾರಕ್ಕೊಂದು. ದುಬಾರಿ. ಬೇಕಾದರೆ ನೋಡೋಣ, ದುಡ್ಡಿನ ಯೋಚನೆ ನಮಗಿರಲಿ.

ಪಾರ್ಸೆಲ್ ಹಾಕಿದ್ದೇನೆ. ಶೇಂಗಾ ಚಟ್ನಿಪುಡಿ ಡಬ್ಬಿಯ ಪಕ್ಕ ಅಪ್ಪನ ಎರಡು ಜೊತೆ ಕಾಟನ್ ಸಾಕ್ಸ್ ಇದೆ, ನಗಬೇಡ. ಶನಿವಾರ ಡಾಕ್ಟರ ಹತ್ತಿರ ಹೋಗಿ ಬಂದು ಕಾಲ್ ಮಾಡು. ಈ ಸಲ ಕೈ ಕ್ಯಾಮೆರಾ ಮುಂದೆ ಹಿಡಿ.

ನಿನ್ನ
ಅಮ್ಮ