ಉಡುಪಿ-ಚಿಕ್ಕಮಗಳೂರು ಚುನಾವಣಾ ಪಟ್ಟಿ: ಸೇರಿಸುವ ಮುನ್ನ ಗಮನಿಸಿ

ಎಲ್ಲರಿಗೂ ನಮಸ್ಕಾರ.

ಪಟ್ಟಿಯಲ್ಲಿ 1978ರ ಉಪಚುನಾವಣೆಯನ್ನು ಈಗಿನ ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಕೆಳಗೆ ಹಾಕಬೇಡಿ. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ, ಇಂದಿರಾ ಗಾಂಧಿ ಅವರು ವೀರೇಂದ್ರ ಪಾಟೀಲರನ್ನು ಸೋಲಿಸಿದ ಸ್ಥಾನ ಹಳೆಯ ಚಿಕ್ಕಮಗಳೂರು ಕ್ಷೇತ್ರದ್ದು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಗಡಿಯೇ ಬದಲಾಗಿದೆ. ಈಗಿರುವುದು ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಎಂಬ ಎಂಟು ವಿಧಾನಸಭಾ ಕ್ಷೇತ್ರಗಳು. ಜಿಲ್ಲೆಯ ಲೆಕ್ಕ ಹಿಡಿದವರು ತಪ್ಪುವುದು ಇಲ್ಲೇ: ಬೈಂದೂರು ಶಿವಮೊಗ್ಗಕ್ಕೆ, ಕಡೂರು ಹಾಸನಕ್ಕೆ ಸೇರುತ್ತವೆ.

ಹಾಗಾಗಿ 2009ಕ್ಕೆ ಮೊದಲಿನದನ್ನು ಬೇರೆ ಹಾಳೆಯಲ್ಲೇ ಇಡಿ. ಹಳೆಯ ಗೆಲುವಿನ ಅಂತರವನ್ನು ಹೊಸದರ ಪಕ್ಕದಲ್ಲಿಟ್ಟು "ಏರಿಕೆ-ಇಳಿಕೆ" ಎಂದು ಬರೆದರೆ ಅದಕ್ಕೆ ಅರ್ಥವೇ ಇಲ್ಲ.

2009ರಲ್ಲಿ ಡಿ.ವಿ. ಸದಾನಂದಗೌಡ, 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ, 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ ಗೆದ್ದರು. ನಡುವೆ 2012 ಬಿಟ್ಟುಹೋಗುತ್ತದೆ, ಏಕೆಂದರೆ ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಉಪಚುನಾವಣೆ ಇರುವುದಿಲ್ಲ. ಸದಾನಂದಗೌಡರು ಮುಖ್ಯಮಂತ್ರಿಯಾಗಿ ತೆರವಾದ ಆ ಸ್ಥಾನವನ್ನು ಕಾಂಗ್ರೆಸ್ಸಿನ ಕೆ. ಜಯಪ್ರಕಾಶ್ ಹೆಗ್ಡೆ ಗೆದ್ದರು. ಈ ಕ್ಷೇತ್ರದ ಸ್ವಭಾವ ತಿಳಿಯಲು ಆ ಒಂದು ಸಾಲು ಬಹಳ ಮುಖ್ಯ, ದಯವಿಟ್ಟು ಬಿಡಬೇಡಿ.

ಮತಗಟ್ಟೆವಾರು ಅಂಕಿಗೆ ನಮೂನೆ 20 (ಚುನಾವಣಾ ಆಯೋಗದ ಅಂತಿಮ ಫಲಿತಾಂಶ ಪಟ್ಟಿ) ನೋಡಿ. ಮತಗಟ್ಟೆಗಳ ಮೊತ್ತ ಅಂತಿಮ ಫಲಿತಾಂಶಕ್ಕೆ ತಾಳೆಯಾಗದಿದ್ದರೆ, ಮೊದಲು ಅಂಚೆ ಮತಗಳ ಸಾಲು ಸೇರಿದೆಯೇ ಎಂದು ನೋಡಿ. 2014ರಿಂದ ನೋಟಾ (ಯಾವ ಅಭ್ಯರ್ಥಿಗೂ ಮತವಿಲ್ಲ ಎಂಬ ಆಯ್ಕೆ) ಕೂಡ ಇದೆ. ಶೇಕಡಾವಾರು ತೆಗೆಯುವಾಗ ಅದನ್ನು ಸೇರಿಸಿದ್ದೀರೋ ಬಿಟ್ಟಿದ್ದೀರೋ ಎಂದು ಕಾಲಂ ತಲೆಯಲ್ಲೇ ಬರೆಯಿರಿ.