ಪೌಲ್‌ನ ಮನೆ ಸಿನಿಮಾದಲ್ಲಿ ಯಾಕಿಲ್ಲ?

ಮಾನ್ಯರೇ,

ಜರ್ಮನ್ ಲೇಖಕ ಎರಿಕ್ ಮರಿಯಾ ರೆಮಾರ್ಕ್‌ನ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಕಾದಂಬರಿ ಪುಸ್ತಕವಾಗಿ ಬಂದದ್ದು 1929ರಲ್ಲಿ. ಮರುವರ್ಷವೇ ಹಾಲಿವುಡ್ ಅದನ್ನು ಸಿನಿಮಾ ಮಾಡಿತು. ಜರ್ಮನ್ ಭಾಷೆಯಲ್ಲೇ ಅದು ತೆರೆಗೆ ಬರಲು 2022ರವರೆಗೆ ಕಾಯಬೇಕಾಯಿತು. ಎಡ್ವರ್ಡ್ ಬರ್ಗರ್ ನಿರ್ದೇಶನದ ಆ ಚಿತ್ರಕ್ಕೆ 4 ಆಸ್ಕರ್ ಬಂದವು. ಸತ್ತ ಸೈನಿಕರ ಸಮವಸ್ತ್ರ ಒಗೆದು, ಹೊಲಿದು ಹೊಸ ಹುಡುಗರಿಗೆ ಕೊಡುವ ದೃಶ್ಯ ಕಾದಂಬರಿಯಲ್ಲಿಲ್ಲ. ಆದರೂ ಅದರ ಮನಸ್ಸನ್ನು ಹಿಡಿದ ದೃಶ್ಯ ಅದು, ಮನಸಾರೆ ಮೆಚ್ಚಿದೆ.

ಆದರೆ ಕಥಾನಾಯಕ, ಮೊದಲ ಮಹಾಯುದ್ಧದ ಜರ್ಮನ್ ಸೈನಿಕ ಪೌಲ್ ರಜೆಯಲ್ಲಿ ಊರಿಗೆ ಬರುವ ಭಾಗವನ್ನೇ ಕೈಬಿಟ್ಟದ್ದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಕಾದಂಬರಿಯಲ್ಲಿ ಮೆಟ್ಟಿಲ ಮೇಲಿಂದ ಅಕ್ಕನ ದನಿ ಕೇಳಿದ್ದೇ ತಡ, ಅವನ ಕಣ್ಣಲ್ಲಿ ನೀರು, ಕಾಲು ಮುಂದಕ್ಕೆ ಬಾರದು. ಒಳಗೆ ಕಾಯಿಲೆ ಬಿದ್ದ ತಾಯಿ. ತಾನೇ ಕೂಡಿಟ್ಟ ಪುಸ್ತಕಗಳೂ ಅವನೊಂದಿಗೆ ಮಾತಾಡುವುದಿಲ್ಲ. ಯುದ್ಧ ಅವನಿಂದ ಏನನ್ನು ಕಿತ್ತುಕೊಂಡಿತು ಎಂಬುದು ಗೊತ್ತಾಗುವುದು ಆ ಮನೆಯಲ್ಲಿ.

ಅಂತ್ಯವೂ ಬದಲಾಗಿದೆ. ಕಾದಂಬರಿಯ ಪೌಲ್ ಸಾಯುವುದು 1918ರ ಅಕ್ಟೋಬರ್‌ನ ಒಂದು ಶಾಂತ ದಿನ. ಸೇನೆಯ ವರದಿಯಲ್ಲಿ ಅಂದು ವಿಶೇಷವೇನೂ ಇಲ್ಲ. ‘ಪಶ್ಚಿಮ ರಣರಂಗದಲ್ಲಿ ಎಲ್ಲ ಶಾಂತ’ ಎಂಬ ಶೀರ್ಷಿಕೆಯ ಅರ್ಥವೇ ಅದು. ಹೊಸ ಚಿತ್ರದಲ್ಲಿ ಅವನು ಕದನವಿರಾಮದ ಹೊಸ್ತಿಲಲ್ಲಿ, ದೊಡ್ಡ ಕಾಳಗದ ನಡುವೆ ಸಾಯುತ್ತಾನೆ. 1930ರ ಚಿತ್ರವೂ ಅಂತ್ಯ ಬದಲಿಸಿತ್ತು: ಚಿಟ್ಟೆಯತ್ತ ಚಾಚಿದ ಕೈ, ಒಂದು ಗುಂಡು. ಅಲ್ಲಿ ಮೌನವಾದರೂ ಉಳಿದಿತ್ತು, ಚಿಟ್ಟೆ ಹಿಡಿಯುತ್ತಿದ್ದ ಹುಡುಗನೂ ಉಳಿದಿದ್ದ.

ಸಿನಿಮಾ ನೋಡಿದವರು ದಯವಿಟ್ಟು ಪೌಲ್ ಮನೆಗೆ ಬರುವ, ಕಾದಂಬರಿಯ ಏಳನೇ ಅಧ್ಯಾಯವನ್ನಾದರೂ ಓದಿ.

– ಓದುಗ, ಧಾರವಾಡ