ಆ ದಡ ಖಾಲಿ ಇಲ್ಲ: ಲಕ್ಷದ್ವೀಪದ ಆಡಳಿತಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಆಡಳಿತಾಧಿಕಾರಿಗಳಿಗೆ ನಮಸ್ಕಾರ.

ನಾನು ಮಂಗಳೂರು ಬಂದರಿನವನು. ನಿಮ್ಮ ದ್ವೀಪಗಳಿಗೆ ಅಕ್ಕಿ, ಈರುಳ್ಳಿ, ಸಿಮೆಂಟು, ಜಲ್ಲಿ ತುಂಬಿಕೊಂಡು ಹೊರಡುವ ಮಂಜಿಗಳನ್ನು, ಅಂದರೆ ಮರದ ಸರಕು ಹಡಗುಗಳನ್ನು, ನೋಡುತ್ತಲೇ ಬೆಳೆದವನು. ಅಮಿನಿ, ಕಡಮತ್, ಕಿಲ್ತಾನ್ ಕಡೆಯ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ಸಲುಗೆಯಿಂದ, ದ್ವೀಪಗಳ ದಡದಲ್ಲೂ ನೀರಿನ ಮೇಲೂ ಪ್ರವಾಸಿಗರಿಗೆ ವಿಲ್ಲಾ ಕಟ್ಟುವ ಯೋಜನೆಯ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಫೆಬ್ರವರಿಯಲ್ಲಿ ಪರ್ಮಿಟ್ ಮಾಡಿಸಿಕೊಂಡು, ಕೊಚ್ಚಿಗೆ ಹೋಗಿ ವಿಮಾನ ಹತ್ತಿ ಅಗತ್ತಿಗೆ ಬಂದೆ. ಮರುದಿನ ದೋಣಿಯಲ್ಲಿ ಬಂಗಾರಮ್, ತಿಣ್ಣಕರ. ಎರಡಕ್ಕೂ ಲಗೂನ್, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರು, ಒಂದೇ. ಬಂಗಾರಮ್‌ನಲ್ಲಿ ರೆಸಾರ್ಟ್ ಇದೆ, ತಿಣ್ಣಕರದಲ್ಲಿ ಟೆಂಟ್‌ಗಳಿವೆ. ಅಗತ್ತಿಯ ಮೀನುಗಾರರು ಸೀಸನ್ನಿಗೆ ಬಂದು ಉಳಿಯುತ್ತಿದ್ದ, ತೆಂಗಿನಕಾಯಿ ಕೀಳುತ್ತಿದ್ದ ಜಾಗ ಇವು. ಚಂದ ಇದೆಯಾ ಅಂದರೆ, ಬಹಳ ಚಂದ ಇದೆ. ಹವಳದ ಗೋಡೆಯ ಒಳಗಿನ ಆ ತಿಳಿನೀರನ್ನು ನೋಡುತ್ತಾ ನಾನೂ ಎರಡು ಗಂಟೆ ಸುಮ್ನೆ ಕೂತಿದ್ದೆ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅಗತ್ತಿಯ ದಡ. ಸಂಜೆ ನಾಲ್ಕರ ಹೊತ್ತಿಗೆ ದೋಣಿಗಳು ಬಂದವು. ಮರಳಿನ ಮೇಲೆ ಚೂರ ಮೀನಿನ ರಾಶಿ ಬಿತ್ತು. ಟ್ಯೂನಾಕ್ಕೆ ಅಲ್ಲಿ ಚೂರ ಅಂತಲೇ ಹೆಸರು. ತಲೆ, ಕರುಳು ತೆಗೆದು ಸೀಳಿದರು. ದೊಡ್ಡ ಪಾತ್ರೆಯಲ್ಲಿ ಉಪ್ಪುನೀರು ಕುದಿಯುತ್ತಿತ್ತು. ಬೆಂದ ತುಂಡುಗಳನ್ನು ಹೊಗೆಗೆ ಇಟ್ಟು, ಆಮೇಲೆ ದಿನಗಟ್ಟಲೆ ಬಿಸಿಲಲ್ಲಿ ಒಣಗಿಸುತ್ತಾರೆ. ಕೊನೆಗೆ ಅದು ಕಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಅದೇ ಮಾಸ್. ಒಬ್ಬ ಹಿರಿಯರು ಚಾಕುವಿನಿಂದ ಒಂದು ಚೂರು ಕೆತ್ತಿ ನನ್ನ ಅಂಗೈಗೆ ಹಾಕಿದರು. ಹೊಗೆಯ ವಾಸನೆ, ನಿಧಾನವಾಗಿ ಬಿಡುವ ಉಪ್ಪು.

ನನ್ನ ಹರಕು ಮಲಯಾಳಂನಲ್ಲಿ ಕೇಳಿದೆ: "ಕಾಕ, ಈ ಮೀನು ಹಿಡಿಯುವುದು ಹೊರಗಿನ ಆಳ ಸಮುದ್ರದಲ್ಲಿ ತಾನೇ? ಲಗೂನ್‌ನಲ್ಲಿ ಏನು ಕೆಲಸ?"

"ಮೀನು ಹೊರಗೇ ಮಗಾ. ಮೀನಿಗೆ ಹಾಕುವ ಮರಿ ಒಳಗಲ್ವಾ?" ಅಂದರು.

ಸ್ವಾಮಿ, ನಾನು ಹೇಳಬೇಕಾದ್ದೆಲ್ಲ ಆ ಒಂದು ಮಾತಿನಲ್ಲಿದೆ. ಬೆಳಿಗ್ಗೆ ಲಗೂನ್‌ನ ಹವಳದ ಸುತ್ತ ಸಣ್ಣ ಕಣ್ಣಿನ ಬಲೆ ಬಿಟ್ಟು ಸಣ್ಣ ಮೀನುಗಳನ್ನು ಜೀವಂತ ಹಿಡಿಯಬೇಕು. ದೋಣಿಯ ಹೊಟ್ಟೆಯಲ್ಲಿ ಸಮುದ್ರದ ನೀರು ಆಡುವ ತೊಟ್ಟಿ ಇರುತ್ತದೆ. ಅದರಲ್ಲಿ ಅವನ್ನು ಉಳಿಸಿಕೊಂಡು ಹೊರಗೆ ಹೋಗಬೇಕು. ಚೂರದ ಗುಂಪು ಕಂಡಾಗ ಮರಿಗಳನ್ನು ಎರಚುತ್ತಾರೆ, ಪಕ್ಕದಿಂದ ನೀರು ಚಿಮ್ಮಿಸುತ್ತಾರೆ. ಗುಂಪು ಮೇಲೆ ಬಂದ ಕೂಡಲೇ ಉದ್ದನೆಯ ಗಳುವಿನಲ್ಲಿ ಒಂದೊಂದಾಗಿ ಎತ್ತಿ ಹಾಕುತ್ತಾರೆ. ಗಾಳಕ್ಕೆ ಹಿಮ್ಮುಳ್ಳು ಇಲ್ಲ, ದೋಣಿಗೆ ಬಿದ್ದ ಮೀನು ತಾನೇ ಕಳಚಿಕೊಳ್ಳುತ್ತದೆ. ಬೇಡದ ಮೀನು ಸಿಗುವುದು ತೀರಾ ಕಡಿಮೆ. ಟ್ರಾಲ್ ಬಲೆಯಲ್ಲಿ ಸಮುದ್ರದ ತಳ ಬಾಚುವುದನ್ನು ಕಂಡಿರುವ ನಮ್ಮ ಕರಾವಳಿಯವರಿಗೆ ಇದರ ಬೆಲೆ ಗೊತ್ತು. ಮರಿ ಸಿಗದ ದಿನ ಅಲ್ಲಿ ದೋಣಿ ಹೊರಟೂ ಪ್ರಯೋಜನವಿಲ್ಲ.

ಈಗ ನೀರಿನ ಮೇಲಿನ ವಿಲ್ಲಾಗಳ ವಿಷಯಕ್ಕೆ ಬರುತ್ತೇನೆ. 2023ರ ಜನವರಿಯಲ್ಲಿ ಪ್ರಕಟವಾದ ಯೋಜನೆಯಂತೆ ಸುಹೇಲಿಯಲ್ಲಿ ದಡದ ಮೇಲೆ 60, ನೀರಿನ ಮೇಲೆ 50 ವಿಲ್ಲಾ. ಕಡಮತ್‌ನಲ್ಲಿ ದಡದ ಮೇಲೆ 75, ನೀರಿನ ಮೇಲೆ 35. ಸುಹೇಲಿಯಲ್ಲಿ ಕಾಯಂ ಜನವಸತಿ ಇಲ್ಲ, ನಿಜ. ಆದರೆ ಕವರತ್ತಿಯ ಮೀನುಗಾರರು ಸೀಸನ್ನಿಗೆ ಅಲ್ಲೇ ಬೀಡು ಬಿಟ್ಟು ಮಾಸ್ ಮಾಡುತ್ತಾರೆ. ಕಾಗದದಲ್ಲಿ ಖಾಲಿ ಇರುವ ಜಾಗ ಅವರಿಗೆ ಗದ್ದೆ, ಕಣ ಎರಡೂ ಹೌದು. ನಮ್ಮೂರಲ್ಲಿ ಬೇಸಿಗೆಯಲ್ಲಿ ಕಣ ಖಾಲಿ ಕಂಡರೆ ಅದನ್ನು ಯಾರೂ ಪಾಳು ಜಾಗ ಅನ್ನುವುದಿಲ್ಲ. 2021ರಲ್ಲಿ ಕರಾವಳಿ ನಿಯಮದ ಹೆಸರಿನಲ್ಲಿ ದಡದಲ್ಲಿದ್ದ ಮೀನುಗಾರರ ಶೆಡ್‌ಗಳನ್ನು ಕೆಡವಿದ ಸುದ್ದಿ ಓದಿ ನಮ್ಮ ಬಂದರಿನಲ್ಲೂ ಜನ ನೊಂದುಕೊಂಡಿದ್ದರು. ಬಲೆ ಇಡುವ ಶೆಡ್ ನಿಯಮಕ್ಕೆ ಅಡ್ಡ ಬರುತ್ತದೆ ಅಂದ ಮೇಲೆ ವಿಲ್ಲಾ ಹೇಗೆ ಅಡ್ಡ ಬರುವುದಿಲ್ಲ ಅಂತ ಅವರಿಗೆ ಹೇಳುವವರು ಯಾರು?

ಪ್ರವಾಸಿಗರು ಬರುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ನಾನೇ ಪ್ರವಾಸಿಯಾಗಿ ಬಂದವನು. ನಮ್ಮನ್ನು ಸ್ನಾರ್ಕ್ಲಿಂಗ್‌ಗೆ ಕರೆದುಕೊಂಡು ಹೋದ ಹುಡುಗ ಮೀನುಗಾರರ ಮನೆಯವನೇ. ಆ ದುಡಿಮೆಯೂ ಅವನಿಗೆ ಬೇಕು. ಆದರೆ ಲಕ್ಷದ್ವೀಪದ ಒಟ್ಟು 32 ಚದರ ಕಿಲೋಮೀಟರ್ ನೆಲದಲ್ಲಿ 2011ರ ಜನಗಣತಿಯ ಹೊತ್ತಿಗೇ 64 ಸಾವಿರಕ್ಕೂ ಜಾಸ್ತಿ ಜನ ಇದ್ದರು. ಕುಡಿಯುವ ನೀರು ಮರಳಿನ ಕೆಳಗೆ, ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಪದರ. 1998, 2010, 2016ರಲ್ಲಿ ಸಮುದ್ರದ ನೀರಿನ ಬಿಸಿಗೆ ಹವಳ ಬಿಳುಚಿಕೊಂಡಿದೆ. ಅಲ್ಲಿ ಒಂದು ಕಂಬ ಎಲ್ಲಿ ನೆಡುತ್ತೀರಿ ಅನ್ನುವುದೂ ಮುಖ್ಯವಾಗುತ್ತದೆ.

ನನ್ನ ಕೋರಿಕೆ ಇಷ್ಟು. ಯಾವುದೇ ದಡ, ಯಾವುದೇ ಲಗೂನ್ ಗುತ್ತಿಗೆಗೆ ಕೊಡುವ ಮೊದಲು ಮರಿ ಹಿಡಿಯುವ ಜಾಗ, ದೋಣಿ ಎಳೆಯುವ ಜಾಗ, ಮಾಸ್ ಒಣಗಿಸುವ ಜಾಗ ಮೂರನ್ನೂ ಮೀನುಗಾರರ ಜೊತೆ ಕೂತು ನಕ್ಷೆಯಲ್ಲಿ ಗುರುತು ಮಾಡಿಸಿ. ಆ ನಕ್ಷೆಯನ್ನು ಮಲಯಾಳಂ, ಮಿನಿಕಾಯ್ ದ್ವೀಪದವರ ಮಹಲ್ ಎರಡೂ ಭಾಷೆಯಲ್ಲಿ ಪ್ರತಿ ದ್ವೀಪದ ಜೆಟ್ಟಿಯಲ್ಲಿ ಹಾಕಿಸಿ. ಗುರುತಾದ ಜಾಗದಲ್ಲಿ ವಿಲ್ಲಾ ಬೇಡ. ಬಲೆ, ಎಂಜಿನ್ ಇಡಲು ಶೆಡ್‌ಗೆ ಕಾಯಂ ಅನುಮತಿ ಕೊಡಿ.

ಸಾಧ್ಯವಾದರೆ ಕಡತಕ್ಕೆ ಸಹಿ ಹಾಕುವ ಮೊದಲು ಒಂದು ಸಂಜೆ ನಾಲ್ಕಕ್ಕೆ ಅಗತ್ತಿಯ ದಡಕ್ಕೆ ಬನ್ನಿ. ಅಧಿಕಾರಿಗಳ ಸಾಲು ಇಲ್ಲದೆ ಒಬ್ಬರೇ ಬನ್ನಿ. ದೋಣಿಗಳು ಬರುವ ಹೊತ್ತು ಅದು.

ಇಂತಿ,
ಬಂದರಿನ ಒಬ್ಬ ನಿವಾಸಿ, ಮಂಗಳೂರು